ಕ್ಯಾಂಪಿನ ನಾಲ್ಕನೇ ದಿನ: ಮಕ್ಕಳನ್ನ ಎನ್‌ಸಿಸಿ ಬೇಸಿಗೆ ಕ್ಯಾಂಪಿಗೆ ಕಳಿಸೋ ಅಪ್ಪ-ಅಮ್ಮಂದಿರಿಗೆ

ಹೈದರಾಬಾದಿನ ಅಬಿಡ್ಸ್‌ನಲ್ಲಿ ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ ಇದು. ಮಾತಿನ ಧಾಟಿಯನ್ನ ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇವೆ.

ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಫ್ಯಾನ್ ಸದ್ದು ಜಾಸ್ತಿ ಇದೆ, ಆದ್ರೆ ಆರಿಸೋ ಧೈರ್ಯ ನನಗಿಲ್ಲ.

ಭಾನುವಾರ ಬೆಳಿಗ್ಗೆ ಅಬಿಡ್ಸ್‌ಗೆ ಬಂದವರು ಸಾಮಾನ್ಯವಾಗಿ ಫುಟ್‌ಪಾತಿನ ಹಳೇ ಪುಸ್ತಕದ ರಾಶಿ ಹತ್ರ ನಿಲ್ತಾರೆ. ನೀವು ಅದನ್ನ ದಾಟಿ, ಮೆಟ್ಲು ಹತ್ತಿ ಇಲ್ಲಿಗೆ ಬಂದಿದ್ದೀರಿ ಅಂದ್ರೆ ನಿಮ್ಮ ಮನೇಲಿ ಎಂಟನೇ ಕ್ಲಾಸೋ ಒಂಬತ್ತನೇ ಕ್ಲಾಸೋ ಓದೋ ಮಗುವಿದೆ, ಸ್ಕೂಲಿಂದ ಒಂದು ಫಾರಂ ಬಂದಿದೆ, ಅದಕ್ಕೆ ಸಹಿ ಹಾಕ್ಲಾ ಬೇಡ್ವಾ ಅಂತ ಗಂಡ-ಹೆಂಡತಿ ಮಧ್ಯೆ ಒಂದು ವಾರದಿಂದ ಚರ್ಚೆ ನಡೀತಾ ಇದೆ. (ನಗು) ನಗೋದು ನೋಡಿದ್ರೆ ನಿಜ ಅನ್ಸತ್ತೆ.

ನಾನು ಮಿಲಿಟರಿಯವನಲ್ಲ. ಸಾಫ್ಟ್‌ವೇರ್ ಎಂಜಿನಿಯರ್. ಊರು ರಾಯಚೂರು. ಎಂಟೆಕ್ ಮುಗಿಸಿ ಈ ಊರಿಗೆ ಬಂದು ಹತ್ತು ವರ್ಷದ ಮೇಲಾಯ್ತು. ನಿಮ್ಮ ಹಾಗೇ ಮಾಧಾಪುರ, ಗಚ್ಚಿಬೌಲಿ ಅಂತ ಓಡಾಡ್ಕೊಂಡಿದ್ದೀನಿ. ಹಾಗಾದ್ರೆ ಈ ವಿಷಯ ಮಾತಾಡೋಕೆ ನನಗೇನು ಅರ್ಹತೆ? ಒಂದೇ ಒಂದು. ನಾನು ನನ್ನ ಮೊದಲನೇ ಎನ್‌ಸಿಸಿ ಕ್ಯಾಂಪಿಂದ ನಾಲ್ಕನೇ ದಿನ ಸುಳ್ಳು ಹೇಳಿ ಓಡಿ ಬಂದವನು. ಅಲ್ಲಿಂದಲೇ ಶುರು ಮಾಡ್ತೀನಿ.

2003. ನಾನು ಒಂಬತ್ತನೇ ಕ್ಲಾಸು. ಊರಿಂದ ಬಸ್ಸಿನಲ್ಲಿ ಎರಡು ತಾಸಿನ ದಾರಿ, ಒಂದು ಕಾಲೇಜಿನ ಮೈದಾನ. ಜಾಗದ ಹೆಸರು ಬೇಡ. ಮೇ ತಿಂಗಳ ಬಿಸಿಲು, ರಾಯಚೂರು ಸೀಮೆ ಬಿಸಿಲು ಹೇಗಿರುತ್ತೆ ಅಂತ ಆ ಕಡೆಯವರಿಗೆ ನಾನು ಹೇಳ್ಬೇಕಿಲ್ಲ. ಹೊಸ ಬೂಟು ಕಚ್ಚಿ ಎರಡೂ ಹಿಮ್ಮಡೀಲಿ ಗುಳ್ಳೆ. ದಿನಾ ಅದೇ ಬೇಳೆ ಸಾರು. ರಾತ್ರಿ ನೆಲದ ಮೇಲೆ ಹಾಸಿದ ಜಮಖಾನದಲ್ಲಿ ಮೂವತ್ತು ಹುಡುಗರು, ನನಗೆ ನಮ್ಮವ್ವನ ನೆನಪು. ನಾಲ್ಕನೇ ದಿನ ನಮ್ಮ ಸ್ಕೂಲಿನ ಎನ್‌ಸಿಸಿ ಮೇಷ್ಟ್ರ ಹತ್ರ ಹೊಟ್ಟೆ ಹಿಡ್ಕೊಂಡು ಹೋದೆ. ಗೇಟಿನ ಹತ್ರದ ಅಂಗಡೀಲಿ ಒಂದು ರೂಪಾಯಿ ಕಾಯಿನ್ ಫೋನ್ ಇತ್ತು. ಅಪ್ಪ ಕೆಲಸ ಮಾಡೋ ಆಫೀಸಿಗೆ ಫೋನ್ ಮಾಡಿಸಿದೆ. "ಅಪ್ಪಾ, ಹೊಟ್ಟಿ ಬಾಳ ನೋವಾಗಕತ್ತೈತಿ, ಕರ್ಕೊಂಡು ಹೋಗು" ಅಂದೆ.

ಅಪ್ಪ ಅರ್ಧ ದಿನ ರಜೆ ಹಾಕಿ, ಬಸ್ ಹಿಡಿದು ಬಂದ್ರು. ಕಾಗದಕ್ಕೆ ಸಹಿ ಹಾಕಿ ನನ್ನ ಟ್ರಂಕು ಹೊತ್ಕೊಂಡ್ರು. ಬಸ್ ಸ್ಟ್ಯಾಂಡಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ಕೊಡಿಸಿದ್ರು. ನಾನು ಒಂದು ಪ್ಲೇಟು ತಿಂದೆ. ಇನ್ನೊಂದು ಪ್ಲೇಟು ಹೇಳಿದ್ರು. ಅದನ್ನೂ ತಿಂದೆ. ಅಪ್ಪ ನನ್ನ ಮುಖ ನೋಡಿ ಒಂದೇ ಮಾತು ಕೇಳಿದ್ರು: "ಹೊಟ್ಟಿ ನೋವು ಹೋತೇನು?"

ಬೈಲಿಲ್ಲ. ಆಮೇಲೆ ಆ ಮಾತು ಯಾವತ್ತೂ ಎತ್ತಲೂ ಇಲ್ಲ. ಬೈದಿದ್ರೆ ನಾನು ಇಷ್ಟೊತ್ತಿಗೆ ಮರೀತಿದ್ದೆ.

ಆರನೇ ದಿನ ನನ್ನ ಗೆಳೆಯರೆಲ್ಲ ಫೈರಿಂಗ್ ಮಾಡಿದ್ರು. ನಾನು ಮನೇಲಿ ಕ್ರಿಕೆಟ್ ನೋಡ್ತಾ ಇದ್ದೆ. ಅವರು ವಾಪಸ್ ಬಂದಾಗ ಅವರವರಲ್ಲೇ ಒಂದು ಭಾಷೆ ಇತ್ತು, ಯಾವುದೋ ಹವಾಲ್ದಾರರ ಜೋಕು, ಯಾರದೋ ಮಗ್ ಕಳುವಾದ ಕಥೆ. ನಾನು ಅದರಿಂದ ಹೊರಗೆ. ಕ್ಯಾಂಪ್ ಪೂರ್ತಿ ಮಾಡದೇ ಇದ್ದದ್ದಕ್ಕೆ 'ಎ' ಸರ್ಟಿಫಿಕೇಟ್ ಪರೀಕ್ಷೆಗೂ ಕೂರೋಕೆ ಆಗ್ಲಿಲ್ಲ.

ಈಗ ವಿಷಯಕ್ಕೆ ಬರೋಣ. ಮೊದಲು ಎನ್‌ಸಿಸಿ ಅಂದ್ರೆ ಏನು ಅಂತ ಎರಡು ನಿಮಿಷ, ಯಾಕಂದ್ರೆ ಎಷ್ಟೋ ಜನ ಅದನ್ನ ಸ್ಕೌಟ್ಸ್ ಜೊತೆ, ಎನ್‌ಎಸ್‌ಎಸ್ ಜೊತೆ ಕಲಸ್ತಾರೆ.

1946ರಲ್ಲಿ ಎಚ್. ಎನ್. ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಆಯ್ತು. ಅದರ ಶಿಫಾರಸಿನ ಮೇಲೆ 1948ರಲ್ಲಿ ಎನ್‌ಸಿಸಿ ಕಾಯ್ದೆ ಬಂತು. ಮುಂದಿನ ವರ್ಷ, 1949ರಲ್ಲಿ, ಹುಡುಗಿಯರ ವಿಭಾಗ. 1950ರಲ್ಲಿ ವಾಯುದಳ ವಿಭಾಗ, 1952ರಲ್ಲಿ ನೌಕಾ ವಿಭಾಗ. ಚೀನಾ ಯುದ್ಧದ ನಂತರ 1963ರಲ್ಲಿ ಕಾಲೇಜು ಹುಡುಗರಿಗೆ ಕಡ್ಡಾಯ ಮಾಡಿದ್ರು, 1968ರಲ್ಲಿ ಮತ್ತೆ ಐಚ್ಛಿಕ ಮಾಡಿದ್ರು. ಈಗ ಪೂರ್ತಿ ಐಚ್ಛಿಕ. ಎನ್‌ಸಿಸಿ ಸೇರಿದ ಮಾತ್ರಕ್ಕೆ ಸೈನ್ಯಕ್ಕೆ ಹೋಗ್ಲೇಬೇಕು ಅನ್ನೋದು ಯಾವತ್ತೂ ಇಲ್ಲ. ಕಾಯ್ದೆಯಲ್ಲೇ ಅದು ಸ್ಪಷ್ಟ. ಅಜ್ಜಿಯರು ಹೆದರಿದ್ರೆ ಇದನ್ನ ಹೇಳಿ.

ಕರ್ನಾಟಕ ಮತ್ತು ಗೋವಾಕ್ಕೆ ಸೇರಿ ಒಂದು ನಿರ್ದೇಶನಾಲಯ ಬೆಂಗಳೂರಲ್ಲಿದೆ. ಆಂಧ್ರ ಮತ್ತು ತೆಲಂಗಾಣಕ್ಕೆ ಸೇರಿ ಒಂದು ಇಲ್ಲೇ ಸಿಕಂದರಾಬಾದಿನಲ್ಲಿದೆ. ಅದರ ಕೆಳಗೆ ಗ್ರೂಪು, ಗ್ರೂಪಿನ ಕೆಳಗೆ ಬೆಟಾಲಿಯನ್, ಬೆಟಾಲಿಯನ್ ಕೆಳಗೆ ನಿಮ್ಮ ಸ್ಕೂಲಿನ ಟ್ರೂಪು. ಹೈಸ್ಕೂಲು ಹುಡುಗರು ಜೂನಿಯರ್ ಡಿವಿಷನ್, ಹುಡುಗಿಯರು ಜೂನಿಯರ್ ವಿಂಗ್. ಕಾಲೇಜಿನವರು ಸೀನಿಯರ್. ಬೇಸಿಗೇಲಿ ನಿಮಗೆ ಫಾರಂ ಬಂದಿರೋದು ಬಹುತೇಕ ವಾರ್ಷಿಕ ತರಬೇತಿ ಕ್ಯಾಂಪಿಗೆ. ಮಕ್ಕಳು ಅದನ್ನ 'ಸಿಎಟಿಸಿ' ಅಂತಾರೆ. ಹತ್ತು ದಿನ. ಊಟಕ್ಕೆ, ವಸತಿಗೆ ನೀವು ದುಡ್ಡು ಕಟ್ಟೋ ಹಾಗಿಲ್ಲ, ಸರ್ಕಾರದ್ದು. ಒಂದು ಕ್ಯಾಂಪಲ್ಲಿ ನಾನ್ನೂರು ಐನೂರು ಮಕ್ಕಳು ಇರೋದು ಮಾಮೂಲು.

ಇನ್ನು ತಯಾರಿ. ಮೊದಲು ಕಾಗದ. ತಂದೆ-ತಾಯಿಯ ಒಪ್ಪಿಗೆ ಪತ್ರ, ಡಾಕ್ಟರ ಸಹಿ ಇರೋ ಫಿಟ್‌ನೆಸ್ ಸರ್ಟಿಫಿಕೇಟು, ಆಧಾರ್ ಪ್ರತಿ, ಫೋಟೋ. ಫಿಟ್‌ನೆಸ್ ಸರ್ಟಿಫಿಕೇಟನ್ನ ದಯವಿಟ್ಟು ಕೆಳಗಿನ ಕ್ಲಿನಿಕ್ಕಲ್ಲಿ ಮಗುವನ್ನ ತೋರಿಸದೇ ಸಹಿ ಹಾಕಿಸ್ಕೊಂಡು ಬರಬೇಡಿ. ಆಸ್ತಮಾ ಇದ್ರೆ, ಫಿಟ್ಸ್ ಬಂದಿದ್ರೆ, ಯಾವುದಾದ್ರೂ ಅಲರ್ಜಿ ಇದ್ರೆ ಕಾಗದದಲ್ಲಿ ಬರೀರಿ. 'ಬರೆದ್ರೆ ಸೆಲೆಕ್ಟ್ ಮಾಡಲ್ಲ' ಅಂತ ಮುಚ್ಚಿಟ್ಟರೆ, ರಾತ್ರಿ ಎರಡು ಗಂಟೆಗೆ ಮಗು ಉಸಿರು ಎಳ್ಕೊಳ್ಳುವಾಗ ಪಕ್ಕದಲ್ಲಿರೋರಿಗೆ ಏನು ಮಾಡಬೇಕು ಅಂತ ಗೊತ್ತಿರಲ್ಲ.

ಆಮೇಲೆ ಸಾಮಾನು. ಖಾಕಿ ಡ್ರೆಸ್ಸು, ಬೆಲ್ಟು, ಬೆರೆಟ್ ಟೋಪಿ, ಅದರ ಮೇಲಿನ ಕೆಂಪು ಹ್ಯಾಕಲ್, ಬೂಟು, ಇದೆಲ್ಲ ಸ್ಕೂಲು ಹೇಳುತ್ತೆ. ಸ್ಕೂಲು ಹೇಳದೇ ಇರೋದನ್ನ ನಾನು ಹೇಳ್ತೀನಿ.

ಒಂದು, ಬೂಟು. ಕ್ಯಾಂಪಿಗೆ ಹಿಂದಿನ ದಿನ ಹೊಸ ಬೂಟು ಕೊಡಿಸಿದ್ರೆ ಮಗುವಿಗೆ ಶಿಕ್ಷೆ ಕೊಟ್ಟ ಹಾಗೆ. ಎರಡು ವಾರ ಮುಂಚೆ ಕೊಡಿಸಿ, ದಿನಾ ಸಂಜೆ ಅರ್ಧ ಗಂಟೆ ಅಪಾರ್ಟ್‌ಮೆಂಟಿನ ಕೆಳಗೆ ಹಾಕ್ಕೊಂಡು ಓಡಾಡ್ಲಿ. ಕಾಲುಚೀಲ ಕನಿಷ್ಠ ನಾಲ್ಕು ಜೊತೆ. ಗುಳ್ಳೆ ಬಂದ್ರೆ ಒಡೀಬಾರದು, ಪ್ಲಾಸ್ಟರ್ ಹಾಕ್ಬೇಕು ಅಂತ ಹೇಳಿಕೊಡಿ.

ಎರಡು, ಸ್ಟೀಲ್ ತಟ್ಟೆ, ಮಗ್, ಚಮಚ. ಬೇಗಂ ಬಜಾರಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ, ಅಲ್ಲೇ ಹೆಸರೂ ಕೊರೆಸಿ. ನೂರಾರು ತಟ್ಟೆ ಒಂದೇ ನಲ್ಲಿ ಹತ್ರ ತೊಳೆಯುವಾಗ ಹೆಸರಿಲ್ಲದ ತಟ್ಟೆ ಎಲ್ಲರದ್ದೂ ಆಗಿಬಿಡುತ್ತೆ.

ಮೂರು, ಸೊಳ್ಳೆ ಪರದೆ, ಟಾರ್ಚು, ಟ್ರಂಕಿಗೆ ಬೀಗ, ಸೂಜಿ-ದಾರ, ಎರಡು ಗುಂಡಿ, ಶೂ ಪಾಲಿಶ್, ಹಿತ್ತಾಳೆ ಬಕಲ್ ಉಜ್ಜೋಕೆ ಬ್ರಾಸೋ. ಓಆರ್‌ಎಸ್ ಪ್ಯಾಕೆಟ್ಟು ಎಂಟು ಹತ್ತು. ಹೆಣ್ಣು ಮಕ್ಕಳಿಗೆ ಪ್ಯಾಡು, ತಾರೀಕು ಇಲ್ಲದಿದ್ರೂ ಇಡಿ. ಓಡಾಟ, ಬಿಸಿಲು, ನಿದ್ದೆಗೆಟ್ಟು ತಾರೀಕು ಹಿಂದೆಮುಂದೆ ಆಗುತ್ತೆ.

ನಾಲ್ಕು, ಇದು ದುಡ್ಡು ಕೊಟ್ಟರೆ ಸಿಗಲ್ಲ. ನಿಮ್ಮ ಮಗು ತನ್ನ ಬಟ್ಟೆ ತಾನೇ ಒಗೆದಿದೆಯಾ? ಇಂಡಿಯನ್ ಟಾಯ್ಲೆಟ್ಟಲ್ಲಿ ಕೂತು ಅಭ್ಯಾಸ ಇದೆಯಾ? ಒಂದು ಬಕೆಟ್ ನೀರಲ್ಲಿ ಸ್ನಾನ ಮುಗಿಸುತ್ತಾ? ಏಸಿ ಇಲ್ಲದೆ ಮಲಗುತ್ತಾ? ನಗಬೇಡಿ, ಮೊದಲ ಮೂರು ದಿನ ಮಕ್ಕಳು ಒದ್ದಾಡೋದು ಡ್ರಿಲ್ಲಿಂದ ಅಲ್ಲ, ಇದರಿಂದ. ಎಷ್ಟೋ ಮಕ್ಕಳು ಟಾಯ್ಲೆಟ್ಟಿಗೆ ಹೋಗೋಕೆ ಅಸಹ್ಯಪಟ್ಟು ನೀರು ಕುಡಿಯೋದನ್ನೇ ನಿಲ್ಲಿಸ್ತಾರೆ. ಮೇ ತಿಂಗಳಲ್ಲಿ ಅದು ಅಪಾಯ. ಇನ್ನೂ ಎರಡು ಮೂರು ವಾರ ಇದೆ, ಇವತ್ತೇ ಮನೇಲಿ ಶುರು ಮಾಡಿ.

ಒಂದು ದಿನ ಹೇಗಿರುತ್ತೆ? ಬೆಳಿಗ್ಗೆ ಐದರ ಸುಮಾರಿಗೆ ಸೀಟಿ. ಚಹಾ. ಆರಕ್ಕೆ ಪಿಟಿ. ತಿಂಡಿ. ಡ್ರೆಸ್ ಹಾಕ್ಕೊಂಡು ಫಾಲ್-ಇನ್. ಬಿಸಿಲೇರೋ ಮೊದಲು ಡ್ರಿಲ್. ಆಮೇಲೆ ನೆರಳಲ್ಲಿ ಪಾಠ: ಆಯುಧ, ಮ್ಯಾಪ್ ರೀಡಿಂಗ್, ಪ್ರಥಮ ಚಿಕಿತ್ಸೆ. ಮಧ್ಯಾಹ್ನ ಊಟ, ಸ್ವಲ್ಪ ವಿಶ್ರಾಂತಿ. ಸಂಜೆ ಆಟ. ರೋಲ್‌ಕಾಲ್. ಊಟ. ಕೆಲವು ದಿನ ಸಾಂಸ್ಕೃತಿಕ ಕಾರ್ಯಕ್ರಮ. ಹತ್ತಕ್ಕೆ ದೀಪ ಆರಿಸ್ತಾರೆ. ಇದು ಜಾಗದಿಂದ ಜಾಗಕ್ಕೆ ಅರ್ಧ ಗಂಟೆ ಆಚೀಚೆ ಆಗುತ್ತೆ, ಆಕಾರ ಇದೇ. ಇದರ ಜೊತೆ ಕಸ ಗುಡಿಸೋದು, ಅಡುಗೆ ಮನೇಲಿ ಬಡಿಸೋದು, ದೊಡ್ಡ ಮಕ್ಕಳಿಗೆ ರಾತ್ರಿ ಪಾಳಿ ಪ್ರಕಾರ ಕಾವಲು. ಆನ್-ಕಾಲ್ ಡ್ಯೂಟಿ ಮಾಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಹಾಂ. ನಿಮಗೆ ನಲವತ್ತು ವರ್ಷಕ್ಕೆ ಬಂದದ್ದು ನಿಮ್ಮ ಮಗುವಿಗೆ ಹದಿನಾಲ್ಕಕ್ಕೆ ಬರುತ್ತೆ, ಅಷ್ಟೇ.

ಡ್ರಿಲ್ಲಿನ ಆಜ್ಞೆಗಳೆಲ್ಲ ಹಿಂದಿ. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ಪೀಛೇ ಮುಡ್, ತೇಜ್ ಚಲ್, ಥಮ್. ನಮ್ಮ ಸ್ಕೂಲಲ್ಲಿ ಅರ್ಧ ಹುಡುಗರಿಗೆ ದಾಹಿನೇ ಅಂದ್ರೆ ಯಾವ ಕಡೆ ಅಂತ ಗೊತ್ತಿರ್ಲಿಲ್ಲ, ಇಬ್ಬಿಬ್ಬರು ಎದುರುಬದುರಾಗಿ ನಿಂತ್ಬಿಡ್ತಿದ್ವಿ. ಹೈದರಾಬಾದಲ್ಲಿ ಬೆಳೆದ ಮಕ್ಕಳಿಗೆ ಆ ಕಷ್ಟ ಕಡಿಮೆ. ಡ್ರಿಲ್ ಯಾಕೆ ಮಾಡಿಸ್ತಾರೆ? ಮಕ್ಕಳು ನೂರು ಸಲ ಕೇಳ್ತಾರೆ. ನನಗೆ ತಿಳಿದ ಉತ್ತರ: ಪಕ್ಕದವನ ಹೆಜ್ಜೆ ಕೇಳಿಸ್ಕೊಂಡು ನಿನ್ನ ಹೆಜ್ಜೆ ಇಡೋದನ್ನ ಕಲಿಯೋಕೆ. ಒಬ್ಬ ತಪ್ಪಿದ್ರೆ ಇಡೀ ಸಾಲು ಕಾಣುತ್ತೆ.

ಇನ್ನು ಎಲ್ಲರ ಕುತೂಹಲ, ಫೈರಿಂಗ್. ಪಾಯಿಂಟ್ ಟೂ ಟೂ ರೈಫಲ್. ಸುಮಾರು 25 ಮೀಟರ್ ದೂರದ ಗುರಿ. ನೆಲದ ಮೇಲೆ ಬೋರಲು ಮಲಗಿ, ಸಾಮಾನ್ಯವಾಗಿ ಐದು ಗುಂಡು. ಗುರಿ ಮಧ್ಯಕ್ಕೇ ಬೀಳ್ಬೇಕು ಅನ್ನೋದಕ್ಕಿಂತ ಐದೂ ಹತ್ತಿರ ಹತ್ತಿರ ಬೀಳ್ಬೇಕು ಅನ್ನೋದು ಮುಖ್ಯ, ಅದಕ್ಕೆ ಗ್ರೂಪಿಂಗ್ ಅಂತಾರೆ. ಐದೂ ಎಡಕ್ಕೆ ಒಂದೇ ಕಡೆ ಬಿದ್ರೆ ನಿನ್ನ ಕೈ ಸರಿಯಾಗಿದೆ, ಗುರಿ ಹಿಡಿಯೋದು ಸರಿ ಮಾಡ್ಬೇಕು. ಚೆಲ್ಲಾಪಿಲ್ಲಿ ಬಿದ್ರೆ ಉಸಿರು, ಹಿಡಿತ ಎಲ್ಲ ಮೊದಲಿಂದ ಕಲೀಬೇಕು. ಡೇಟಾ ಕೆಲಸ ಮಾಡೋರಿಗೆ ಇದು ಬೇಗ ಅರ್ಥ ಆಗುತ್ತೆ.

ಭಯ ಪಡೋ ಅಮ್ಮಂದಿರಿಗೆ ಒಂದು ಮಾತು. ಆಯುಧದ ವಿಷಯದಲ್ಲಿ ಕ್ಯಾಂಪಿನಷ್ಟು ಕಟ್ಟುನಿಟ್ಟು ನಾನು ಬೇರೆಲ್ಲೂ ನೋಡಿಲ್ಲ. ಗುಂಡು ಹಾರಿಸೋ ಮೊದಲು ದಿನಗಟ್ಟಲೆ ಖಾಲಿ ರೈಫಲ್ಲಲ್ಲೇ ಪಾಠ. ನಳಿಗೆ ಯಾವ ಕಾರಣಕ್ಕೂ ಮನುಷ್ಯರ ಕಡೆ ತಿರುಗಬಾರದು, ಖಾಲಿ ಇದ್ರೂ ಸರಿ. ಹಾರಿಸಿದ ಮೇಲೆ ಖಾಲಿ ಕೇಸುಗಳನ್ನ ಹುಲ್ಲಲ್ಲಿ ಹುಡುಕಿ, ಎಣಿಸಿ, ಲೆಕ್ಕ ಕೊಡ್ಬೇಕು. ಒಂದು ಕಡಿಮೆಯಾದ್ರೆ ಸಿಗೋವರೆಗೆ ಯಾರೂ ಊಟಕ್ಕೆ ಹೋಗಲ್ಲ. ನೆನಪಿಗೆ ಅಂತ ಒಂದು ಕೇಸು ಜೇಬಿಗೆ ಹಾಕ್ಕೊಳ್ಳೋ ಆಸೆ ಹುಡುಗರಿಗೆ ಬಂದೇ ಬರುತ್ತೆ. ಮಾಡಬಾರದು ಅಂತ ಮೊದಲೇ ಹೇಳಿ ಕಳಿಸಿ.

ನನಗೆ ಅದಕ್ಕಿಂತ ಇಷ್ಟವಾದದ್ದು ಮ್ಯಾಪ್ ರೀಡಿಂಗ್. ಉತ್ತರ ಅಂದ್ರೆ ಒಂದೇ ಅಂದ್ಕೊಂಡಿದ್ದೆ. ಮೂರಿದೆ: ನಿಜವಾದ ಉತ್ತರ, ದಿಕ್ಸೂಚಿ ತೋರಿಸೋ ಉತ್ತರ, ನಕ್ಷೆಯ ಗೆರೆಗಳ ಉತ್ತರ. ಫೋನಿನ ಮ್ಯಾಪಲ್ಲಿ ನೀಲಿ ಚುಕ್ಕೆ ನೋಡಿ ಬೆಳೆದ ಮಕ್ಕಳಿಗೆ, ಚುಕ್ಕೆ ಇಲ್ಲದ ಕಾಗದದ ಮೇಲೆ ಎದುರಿನ ಗುಡ್ಡ, ಗುಡಿ ಗೋಪುರ ನೋಡಿ 'ನಾನು ಇಲ್ಲಿದ್ದೀನಿ' ಅಂತ ಬೆರಳಿಡೋದು ದೊಡ್ಡ ವಿಷಯ.

ಈಗ ಯಾರು ಯಾರು ಇರ್ತಾರೆ. ಮೇಲೆ ಕ್ಯಾಂಪ್ ಕಮಾಂಡೆಂಟ್, ಸೇನೆಯ ಅಧಿಕಾರಿ. ಡ್ರಿಲ್, ಆಯುಧ ಕಲಿಸೋರು ಸೇನೆಯ ಸುಬೇದಾರರು, ಹವಾಲ್ದಾರರು. ಅವರಿಗೆ ಪಿಐ ಸ್ಟಾಫ್ ಅಂತಾರೆ. ನಿಮ್ಮ ಸ್ಕೂಲಿನಿಂದ ಜೊತೆಗೆ ಹೋಗೋ ಮೇಷ್ಟ್ರು ಅಥವಾ ಮೇಡಂ ಎಎನ್ಓ. ಹೆಣ್ಣು ಮಕ್ಕಳಿಗೆ ಜಿಸಿಐ ಅಂತ ಮಹಿಳಾ ಬೋಧಕರು ಇರ್ತಾರೆ, ವಸತಿ ಬೇರೆ. ಅನಾರೋಗ್ಯಕ್ಕೆ ಎಂಐ ರೂಂ. ಆಮೇಲೆ ಸೀನಿಯರ್ ಕೆಡೆಟ್‌ಗಳು, ಇವರೂ ಮಕ್ಕಳೇ, ಆದ್ರೆ ನಿಮ್ಮ ಮಗುವಿನ ದಿನ ಹೇಗಿರುತ್ತೆ ಅನ್ನೋದು ಬಹಳ ಮಟ್ಟಿಗೆ ಇವರ ಮೇಲೆ ನಿಂತಿದೆ. ಇಷ್ಟೂ ಜನ ಯಾರು ಏನು ಅಂತ ಮಗುವಿಗೆ ಹೋಗೋ ಮೊದಲೇ ಗೊತ್ತಿರಲಿ. ಎಎನ್ಓ ಹೆಸರು, ಫೋನ್ ನಂಬರ್ ನಿಮ್ಮ ಹತ್ರ ಇರಲಿ, ನಿಮ್ಮ ನಂಬರ್ ಮಗುವಿಗೆ ಬಾಯಿಪಾಠ ಬರಲಿ.

ಈಗ ನಾನು ಇವತ್ತು ಮುಖ್ಯವಾಗಿ ಹೇಳಬೇಕಾದದ್ದು.

ಹೋದ ಬೇಸಿಗೇಲಿ ನಮ್ಮ ಅಕ್ಕನ ಮಗಳು ಕ್ಯಾಂಪಿಗೆ ಹೋದ್ಲು. ಅಕ್ಕ-ಭಾವ ಇಲ್ಲೇ ಹೈದರಾಬಾದಲ್ಲಿರೋದು. ಅವಳನ್ನ ಹುರಿದುಂಬಿಸಿ ಕಳಿಸಿದವನು ನಾನೇ. ನಾಲ್ಕನೇ ದಿನ ಸಂಜೆ ಅವರ ಮೇಡಂ ಫೋನಿಂದ ಅವಳ ಕರೆ ಬಂತು. ಅಕ್ಕನಿಗೆ ಮಾಡದೆ ನನಗೆ ಮಾಡಿದ್ಲು. "ಮಾಮಾ, ನಂಗ ಆಗವಲ್ದು. ಅಮ್ಮಗ ಹೇಳಬ್ಯಾಡ. ಬಂದು ಕರ್ಕೊಂಡು ಹೋಗು."

ನಾಲ್ಕನೇ ದಿನ! ನನಗೆ ನನ್ನದೇ ಧ್ವನಿ ಕೇಳಿದ ಹಾಗಾಯ್ತು. ಬಾಯಿ ತುದೀಲಿ ಮಾತು ರೆಡಿ ಇತ್ತು: 'ನಾನೂ ಹೀಗೇ ಓಡಿ ಬಂದು ಇಪ್ಪತ್ತು ವರ್ಷ ಬೇಜಾರು ಮಾಡ್ಕೊಂಡಿದ್ದೀನಿ, ನೀನು ತಡ್ಕೋ, ಇನ್ನಾರು ದಿನ.' ಅದು ಅವಳಿಗೆ ಹೇಳೋ ಮಾತಾಗಿರ್ಲಿಲ್ಲ, ಹದಿನಾಲ್ಕು ವರ್ಷದ ನನಗೆ ಹೇಳೋ ಮಾತಾಗಿತ್ತು. ಯಾಕೋ ಗೊತ್ತಿಲ್ಲ, ಅದನ್ನ ಹೇಳೋ ಬದಲು ಕೇಳಿದೆ: "ಇವತ್ತು ಎಷ್ಟು ಸಲ ಒಂದಕ್ಕೆ ಹೋದಿ?"

ಸ್ವಲ್ಪ ಹೊತ್ತು ಸುಮ್ಮನಿದ್ಲು. "ಬೆಳಿಗ್ಗೆ ಒಂದು ಸಲ." ವಾಂತಿ? "ಎರಡು ಸಲ." ತಲೆ ಸುತ್ತು? "ಮಧ್ಯಾಹ್ನದಿಂದ." ಮೇಡಂಗೆ ಹೇಳಿದ್ಯಾ? "ಇಲ್ಲ. ವೀಕ್ ಅಂತಾರ." ಟಾಯ್ಲೆಟ್ ಗಲೀಜು ಅಂತ ಎರಡು ದಿನದಿಂದ ಸರಿಯಾಗಿ ನೀರೇ ಕುಡಿದಿರ್ಲಿಲ್ಲ.

ಫೋನ್ ಮೇಡಂ ಕೈಗೆ ಕೊಡು ಅಂದೆ. ಅವರು ತಕ್ಷಣ ಎಂಐ ರೂಮಿಗೆ ಕರ್ಕೊಂಡು ಹೋದ್ರು. ಓಆರ್‌ಎಸ್, ಫ್ಯಾನ್ ಕೆಳಗೆ ಮಲಗಿಸಿದ್ದು, ಡಾಕ್ಟರ್ ನೋಡಿದ್ದು, ಮರುದಿನ ಪೂರ್ತಿ ವಿಶ್ರಾಂತಿ. ನಾನು, ಅಕ್ಕ, ಭಾವ ಕಾರ್ ತಗೊಂಡು ಹೋದ್ವಿ. ಆಮೇಲೆ ಅವಳೇ ಹೇಳಿದ್ಲು, "ಇರ್ತೀನಿ." ಉಳಿದಳು. ಬಿಟ್ಟು ಬಂದಿದ್ರೂ ತಪ್ಪಾಗ್ತಿರ್ಲಿಲ್ಲ.

ನಾನು ಸುಳ್ಳು ನೋವು ಹೇಳಿ ಬಂದೆ. ಅವಳು ನಿಜವಾದ ನೋವು ಮುಚ್ಚಿಟ್ಟಳು. ಯಾವ ಕಷ್ಟ ತಡ್ಕೋಬೇಕು, ಯಾವುದನ್ನ ಹೇಳ್ಬೇಕು ಅಂತ ನಮ್ಮಿಬ್ಬರಿಗೂ ಯಾರೂ ಹೇಳಿಕೊಟ್ಟಿರ್ಲಿಲ್ಲ. ಆದ್ದರಿಂದ ಸಹಿ ಹಾಕೋ ಮೊದಲು ಮಗುವನ್ನ ಕೂರಿಸ್ಕೊಂಡು ಈ ಮೂರು ಪಟ್ಟಿ ಮಾಡಿ.

ಮೊದಲನೇದು, ತಡ್ಕೊಳ್ಳೋದು. ಮೈ ಕೈ ನೋವು, ಗುಳ್ಳೆ, ರುಚಿಯಿಲ್ಲದ ಊಟ, ಬೈಗುಳ, ನಿದ್ದೆ ಕಡಿಮೆ, ಮನೆ ನೆನಪು. ಇದು ಬರುತ್ತೆ. ನಾಲ್ಕನೇ ದಿನದ ಹೊತ್ತಿಗೆ ಅತಿ ಹೆಚ್ಚು, ಐದು ಆರಕ್ಕೆ ಇಳಿಯೋಕೆ ಶುರು. ಎಂಜಿನಿಯರಿಂಗ್ ಓದುವಾಗ ನಾನು ಮತ್ತೆ ಎನ್‌ಸಿಸಿ ಸೇರಿ ಕ್ಯಾಂಪಿಗೆ ಹೋದೆ. ಆಗಲೂ ನಾಲ್ಕನೇ ದಿನ ಅಷ್ಟೇ ಬೇಜಾರು. ಐದನೇ ದಿನ ಬೆಳಿಗ್ಗೆ ಎದ್ದಾಗ ಅದು ಸ್ವಲ್ಪ ಹಗುರ ಆಗಿತ್ತು. ಅದು ಗೊತ್ತಾಗೋಕೆ ನನಗೆ ಐದಾರು ವರ್ಷ ಬೇಕಾಯ್ತು.

ಎರಡನೇದು, ತಕ್ಷಣ ಹೇಳೋದು. ತಲೆ ಸುತ್ತು, ವಾಂತಿ, ಮೂತ್ರ ಗಾಢ ಹಳದಿ ಆಗೋದು ಅಥವಾ ಆಗದೇ ಇರೋದು, ಸ್ನಾಯು ಹಿಡ್ಕೊಳ್ಳೋದು, ಜ್ವರ, ಎದೆ ನೋವು, ಉಸಿರಿನ ತೊಂದರೆ. ಪರೇಡ್ ಮಧ್ಯೆ ಆದ್ರೂ ಕೈ ಎತ್ತಿ ಹೇಳ್ಬೇಕು. ಪಕ್ಕದ ಹುಡುಗ ತೊದಲ್ತಾ ಇದ್ರೆ, ಸಂಬಂಧ ಇಲ್ಲದೆ ಮಾತಾಡಿದ್ರೆ, ಮೈ ಬೆಂಕಿಯ ಹಾಗೆ ಸುಡ್ತಾ ಇದ್ರೆ ಅದು ಬಿಸಿಲಾಘಾತ ಇರಬಹುದು. ನೆರಳಿಗೆ ಕರ್ಕೊಂಡು ಹೋಗಿ, ಮೈಗೆ ನೀರು ಹಾಕಿ ಗಾಳಿ ಬೀಸಬೇಕು, ದೊಡ್ಡವರನ್ನ ಕೂಗಬೇಕು, 108 ಕರೀಬೇಕು. ಆ 108 ಸೇವೆ 2005ರಲ್ಲಿ ಶುರುವಾದದ್ದು ಇದೇ ಊರಲ್ಲಿ, ಮಕ್ಕಳಿಗೆ ಅದನ್ನೂ ಹೇಳಿ.

ಮೂರನೇದು, ಕೂಗಿ ಹೇಳೋದು. ಯಾರಾದ್ರೂ ಹೊಡೆದ್ರೆ, ಬಟ್ಟೆ ಬಿಚ್ಚು ಅಂದ್ರೆ, ಮುಟ್ಟಬಾರದ ಕಡೆ ಮುಟ್ಟಿದ್ರೆ, 'ಯಾರಿಗೂ ಹೇಳಬೇಡ' ಅಂದ್ರೆ. ಅವನು ಸೀನಿಯರ್ ಇರಲಿ, ಮೇಷ್ಟ್ರಿರಲಿ, ಭುಜದ ಮೇಲೆ ಎಷ್ಟೇ ನಕ್ಷತ್ರ ಇರಲಿ. ಶಿಸ್ತು ಅಂದ್ರೆ ಇದನ್ನ ಸಹಿಸೋದಲ್ಲ. ಗಂಡು ಮಕ್ಕಳಿಗೂ ಇದನ್ನ ಅಷ್ಟೇ ಬಿಡಿಸಿ ಹೇಳಿ, ನಾವು ಹೆಣ್ಣು ಮಕ್ಕಳಿಗೆ ಮಾತ್ರ ಹೇಳಿ ಬಿಟ್ಬಿಡ್ತೀವಿ. ಮಕ್ಕಳ ಸಹಾಯವಾಣಿ 1098, ದೇಶದ ಎಲ್ಲಾ ಕಡೆ ಒಂದೇ ನಂಬರು. ಮಗು ಹೇಳಿದಾಗ ನೀವು ಮೊದಲು ಆಡಬೇಕಾದ ಮಾತು 'ನಾನು ನಂಬ್ತೀನಿ'.

ವಾಪಸ್ ಬಂದ ಮೇಲೆ ಒಂದು ಮಾತು. ಎರಡು ದಿನ ಮಗು ಮಲಗೇ ಇರುತ್ತೆ. ಧ್ವನಿ ಒಡೆದಿರುತ್ತೆ, ಕರ್ರಗಾಗಿರುತ್ತೆ. ತಟ್ಟೆ ತಾನೇ ತೊಳೆದಿಡುತ್ತೆ, ನಿಮಗೆ ಖುಷಿಯಾಗುತ್ತೆ. ಒಂದು ವಾರದ ಮೇಲೆ ನಿಲ್ಲಿಸುತ್ತೆ. (ನಗು) ಅದನ್ನ ನೋಡಿ 'ಕ್ಯಾಂಪಿಗೆ ಹೋಗಿ ಏನು ಕಲಿತೆ' ಅಂತ ಹಂಗಿಸಬೇಡಿ. ಕಲಿತದ್ದು ಬೇಕಾದಾಗ ಹೊರಗೆ ಬರುತ್ತೆ.

ಇಷ್ಟು ನನ್ನ ಮಾತು. ಪ್ರಶ್ನೆ ಕೇಳಿ.

ಪ್ರಶ್ನೆ: ಫೋನ್ ಬಿಡಲ್ಲ ಅಂತೀರಿ. ಹತ್ತು ದಿನ ನಮಗೆ ಸುದ್ದಿ ಹೇಗೆ ಗೊತ್ತಾಗ್ಬೇಕು?

ಎಎನ್ಓ ಮೂಲಕ. ಆದ್ರೆ ಐವತ್ತು ಜನ ಅಪ್ಪ-ಅಮ್ಮ ದಿನಾ ಒಂದೊಂದು ಕಾಲ್ ಮಾಡಿದ್ರೆ ಆ ಮೇಡಂ ಮಕ್ಕಳನ್ನ ನೋಡೋದು ಯಾವಾಗ? ಹೋಗೋ ಮೊದಲೇ ಪೋಷಕರೆಲ್ಲ ಸೇರಿ ಮಾತಾಡ್ಕೊಳ್ಳಿ: ಒಬ್ಬರು ಮಾತ್ರ ದಿನಕ್ಕೊಂದು ಸಲ ವಿಚಾರಿಸಿ ಉಳಿದವರಿಗೆ ಮೆಸೇಜ್ ಹಾಕೋದು. ನಾವು ಪ್ರಾಜೆಕ್ಟಲ್ಲಿ ಮಾಡೋದು ಅದೇ ಅಲ್ವಾ. ಮಗುವಿಗೆ ತುರ್ತಾದ್ರೆ ಫೋನ್ ಕೇಳೋ ಹಕ್ಕಿದೆ ಅಂತ ಮಾತ್ರ ಹೇಳಿರಿ.

ಪ್ರಶ್ನೆ: ನನ್ನ ಮಗ ಐಐಟಿ ಫೌಂಡೇಶನ್ ಕೋಚಿಂಗ್‌ಗೆ ಹೋಗ್ತಾನೆ. ಹತ್ತು ದಿನ ತಪ್ಪಿದ್ರೆ ಹಿಂದೆ ಬೀಳ್ತಾನೆ ಅಂತಾರೆ.

ಬೀಳ್ತಾನೆ, ಹತ್ತು ದಿನದಷ್ಟು. ನಾನು ಎಂಟೆಕ್ ಮಾಡಿದವನು, ಓದು ಬೇಡ ಅನ್ನಲ್ಲ. ಆದ್ರೆ ಒಂಬತ್ತನೇ ಕ್ಲಾಸಿನ ಹತ್ತು ದಿನದ ಪಾಠವನ್ನ ಜೂನಲ್ಲಿ ಓದ್ಕೋಬಹುದು. ಕ್ಯಾಂಪನ್ನ ಜೂನಲ್ಲಿ ಓದ್ಕೊಳ್ಳೋಕೆ ಆಗಲ್ಲ. ಆದ್ರೂ ಅವನಿಗೇ ಇಷ್ಟ ಇಲ್ಲ ಅಂದ್ರೆ ಕಳಿಸಬೇಡಿ, ಐಚ್ಛಿಕ ಅಂತ ಸುಮ್ಮನೆ ಹೇಳಿದ್ದಲ್ಲ.

ಪ್ರಶ್ನೆ: ಸರ್ಟಿಫಿಕೇಟಿಂದ ಏನು ಲಾಭ?

ಹೈಸ್ಕೂಲಲ್ಲಿ ಎ, ಕಾಲೇಜಲ್ಲಿ ಬಿ, ಸಿ. ಪರೇಡಿನ ಹಾಜರಿ ಮತ್ತು ಕ್ಯಾಂಪು ಎರಡೂ ಬೇಕು, ಆಮೇಲೆ ಪರೀಕ್ಷೆ. 'ಸಿ' ಇದ್ದವರಿಗೆ ಸೇನೆಯಲ್ಲಿ ಎನ್‌ಸಿಸಿ ವಿಶೇಷ ಪ್ರವೇಶ ಅಂತ ಒಂದು ದಾರಿ ಇದೆ, ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗಬಹುದು. ಪದವಿಯ ಅಂಕ, ವಯಸ್ಸಿನ ನಿಯಮ ಇದೆ. ನಾನು 'ಬಿ'ಗೆ ನಿಲ್ಲಿಸಿದೆ. ನನ್ನ ಕೆಲಸದ ಇಂಟರ್‌ವ್ಯೂನಲ್ಲಿ ಯಾರೂ ಅದನ್ನ ಕೇಳ್ಲಿಲ್ಲ. ಲಾಭ ಅಂತ ಮಾತ್ರ ಕಳಿಸಿದ್ರೆ ನಿಮಗೂ ಬೇಜಾರು, ಮಗುವಿಗೂ.

ಪ್ರಶ್ನೆ: ಊಟ? ನಮ್ಮದು ಪೂರ್ತಿ ಸಸ್ಯಾಹಾರಿ ಮನೆ.

ಸಸ್ಯಾಹಾರ ಇದ್ದೇ ಇರುತ್ತೆ. ಮಾಂಸ ಮಾಡೋ ದಿನ ಬೇರೆ ಪಾತ್ರೆ ಇರುತ್ತೆ. ಪಕ್ಕದ ತಟ್ಟೇಲಿ ಏನಿದ್ರೂ ಮುಖ ಸಿಂಡರಿಸಬಾರದು ಅಂತ ಹೇಳಿಕೊಡಿ. ಒಂದು ಸಣ್ಣ ಡಬ್ಬಿ ಶೇಂಗಾ ಚಟ್ನಿ ಪುಡಿ ಕಳಿಸಿ. ಒಬ್ಬರೇ ತಿನ್ನೋಕೆ ಅಲ್ಲ, ಆ ಡಬ್ಬಿಯಿಂದ ಎರಡನೇ ದಿನ ನಾಲ್ಕು ಜನ ಫ್ರೆಂಡ್ಸ್ ಆಗ್ತಾರೆ.

ಪ್ರಶ್ನೆ (ಮುಂದಿನ ಸಾಲಿನಿಂದ, ಎಂಟನೇ ಕ್ಲಾಸಿನ ಹುಡುಗ): ಅಂಕಲ್, ಅಳು ಬಂದ್ರೆ ಏನು ಮಾಡ್ಬೇಕು?

ಬಾ, ಇದನ್ನ ಮೊದಲೇ ಕೇಳ್ಬೇಕಿತ್ತು ನೀನು. ಅಳು ಬಂದ್ರೆ ಅಳು. ಸಂಜೆ ತಟ್ಟೆ ತೊಳೆಯೋ ನಲ್ಲಿ ಹತ್ರ ಹೋದ್ರೆ ಅಲ್ಲಿ ಇನ್ನೂ ಇಬ್ಬರು ಮೂವರು ಮುಖ ತೊಳೀತಾ ಇರ್ತಾರೆ, ಅವರೂ ಅದಕ್ಕೇ ಬಂದಿರೋದು. ನೀನೂ ಮುಖ ತೊಳ್ಕೊಂಡು ಅವರ ಹೆಸರು ಕೇಳು, ಯಾವ ಸ್ಕೂಲು ಅಂತ ಕೇಳು, ಮೂವರೂ ಜೊತೇಲೇ ರೋಲ್‌ಕಾಲ್‌ಗೆ ಬನ್ನಿ. ಆಮೇಲೂ ಮನೆಗೆ ಹೋಗ್ಬೇಕು ಅನ್ಸಿದ್ರೆ ಅಪ್ಪನಿಗೆ ಫೋನ್ ಮಾಡಿಸಿ ಮನೆಗೆ ಹೋಗ್ಬೇಕು ಅಂತಲೇ ಹೇಳು. ಹೊಟ್ಟೆ ನೋವು ಅಂತ ಹೇಳಬೇಡ.

ಸಾಮಾನಿನ ಪಟ್ಟಿ ಬಾಗಿಲ ಹತ್ರದ ಮೇಜಿನ ಮೇಲಿದೆ, ಮನೆಗೊಂದು ತಗೊಳ್ಳಿ. ಅದರ ಹಿಂದುಗಡೆ ಆ ಮೂರು ಪಟ್ಟಿಗೆ ಖಾಲಿ ಜಾಗ ಬಿಟ್ಟಿದ್ದೀನಿ, ಅದನ್ನ ಮಗುವಿನ ಕೈಯಲ್ಲೇ ಬರೆಸಿ. ಕೆಳಗೆ ಪುಸ್ತಕ ನೋಡ್ಕೊಂಡು ಹೋಗಿ, ನೀರು ಕುಡ್ಕೊಂಡು ಹೋಗಿ.